ಬಿಟ್ಟರೂ ನಡೆಯುವ ‘ಮೈಸೆಲ್ಫ್’

ಮೈಸೆಲ್ಫ್ (ಸರ್ವನಾಮ): ನಾನೇ, ಸ್ವತಃ, ನನ್ನನ್ನೇ.

ಕೆಲಸದ ಸಂದರ್ಶನಗಳಲ್ಲಿ ‘ಮೈಸೆಲ್ಫ್ ರಮೇಶ್’ ಎಂಬ ಪರಿಚಯ ಪದೇ ಪದೇ ಕೇಳಿಬರುತ್ತದೆ. ‘ಐ ಆ್ಯಮ್ ರಮೇಶ್’ ಎಂದರೆ ಸಾಕು. ಶಿಷ್ಟ ಇಂಗ್ಲಿಷಿನಲ್ಲಿ ‘ಮೈಸೆಲ್ಫ್’ ಒಂಟಿಯಾಗಿ ಕರ್ತೃವಾಗುವುದಿಲ್ಲ.

‘ಸೆಲ್ಫ್’ ಹಳೆಯ ಇಂಗ್ಲಿಷಿನಲ್ಲಿ ಒತ್ತು ಕೊಡಲು ಬಳಸುತ್ತಿದ್ದ ಪದ. ಜರ್ಮನ್ನಿನ ‘ಜೆಲ್ಬ್‌ಸ್ಟ್’, ಡಚ್ಚಿನ ‘ಜೆಲ್ಫ್’ ಇದರ ದಾಯಾದಿಗಳು. ‘ಮೀ’ ಜೊತೆ ಬರುತ್ತಿದ್ದ ಇದನ್ನು ಜನ ನಾಮಪದವೆಂದು ಭಾವಿಸತೊಡಗಿದಂತೆ ‘ಮೀ’ ಹೋಗಿ ‘ಮೈ’ ಬಂತು. ‘ಹಿಮ್‌ಸೆಲ್ಫ್’, ‘ದೆಮ್‌ಸೆಲ್ವ್ಸ್’ಗಳಲ್ಲಿ ಹಳೆಯ ಜಾಡು ಇನ್ನೂ ಉಳಿದಿದೆ.

ಸ್ವಾರಸ್ಯವಿರುವುದು ‘ಮೈಸೆಲ್ಫ್’ ಅನ್ನು ಬಿಟ್ಟರೂ ನಡೆಯುವ ಕಡೆ. ‘ಐ ಕುಕ್ಡ್ ದಿಸ್’ ಪೂರ್ಣ ವಾಕ್ಯವೇ. ಕೊನೆಗೆ ‘ಮೈಸೆಲ್ಫ್’ ಸೇರಿದರೆ, ಯಾರ ನೆರವೂ ಇಲ್ಲದೆ ಮಾಡಿದೆ ಎಂಬ ಹೆಮ್ಮೆ ಬರುತ್ತದೆ. ‘ಐ ಮೈಸೆಲ್ಫ್ ಡೋಂಟ್ ಡ್ರಿಂಕ್ ಕಾಫಿ’ ಎಂದಾಗ ಅದೇ ಪದಕ್ಕೆ ‘ಉಳಿದವರು ಹೇಗಾದರೂ ಇರಲಿ, ನಾನಂತೂ’ ಎಂಬ ಧ್ವನಿ. ‘ದಿ ಮಿನಿಸ್ಟರ್ ಹಿಮ್‌ಸೆಲ್ಫ್ ಕೇಮ್’ ಎಂದರೆ ಬಂದದ್ದು ಸಾಕ್ಷಾತ್ ಮಂತ್ರಿಗಳೇ!

‘ಐ ಕಟ್ ಮೈಸೆಲ್ಫ್’ ಎಂಬಲ್ಲಿ ಮಾತ್ರ ಬಿಡುವಂತಿಲ್ಲ. ಬಿಟ್ಟರೆ ಕೊಯ್ದದ್ದು ಏನನ್ನು ಎಂದೇ ತಿಳಿಯದು.

ಈ ಛಾಯೆಗಳನ್ನು ಕನ್ನಡ ‘ಏ’ ಪ್ರತ್ಯಯ, ‘ಅಂತೂ’, ‘ಸ್ವತಃ’, ‘ಖುದ್ದು’ಗಳಿಗೆ ಹಂಚಿಕೊಟ್ಟಿದೆ. ಇವುಗಳಲ್ಲಿ ‘ಖುದ್ದು’ ಪಾರಸಿಯ ‘ಖುದ್’ನಿಂದ ಬಂದದ್ದು, ಕಚೇರಿ ಕನ್ನಡದ ‘ಖುದ್ದು ಹಾಜರಿ’ಯಲ್ಲಿ ಇಂದಿಗೂ ಬಳಕೆಯಲ್ಲಿದೆ.