ಸಾಲುಮರ, ಕಾನೂನು ಮತ್ತು ನೋಟ: ಅರಸೀಕೆರೆ–ಹಳೇಬೀಡು–ಬೇಲೂರು ರಸ್ತೆಯ ಮರ ಕಡಿತಲೆ ನಿಯಂತ್ರಣ ಕುರಿತು

ಅರಸೀಕೆರೆಯಿಂದ ಬಾಣಾವರ, ಜಾವಗಲ್, ಹಳೇಬೀಡು ಹಾದು ಬೇಲೂರು ಸೇರುವ ರಸ್ತೆ ಹಾಸನ ಜಿಲ್ಲೆಯ ಗಡಿ ದಾಟದೆಯೇ ನಮ್ಮನ್ನು ಬಯಲುಸೀಮೆಯಿಂದ ಮಲೆನಾಡಿನ ಸೆರಗಿಗೆ ಕರೆದೊಯ್ಯುತ್ತದೆ. ಮೊದಲು ತೆಂಗಿನ ತೋಟ, ರಾಗಿ ಹೊಲ. ನಡುವೆ ಹಳೇಬೀಡಿನ ದ್ವಾರಸಮುದ್ರ ಕೆರೆ. ಬೇಲೂರಿನ ಆಚೆ ಸಿಲ್ವರ್ ಓಕ್ ನೆರಳಿನ ಕಾಫಿ ತೋಟಗಳು. ಇವನ್ನೆಲ್ಲ ಒಂದು ದಾರಿಯಾಗಿ ಹೆಣೆಯುವುದು ರಸ್ತೆಯಂಚಿನ ಹುಣಸೆ, ಆಲ, ಗೋಣಿ, ಬೇವು, ಹೊಂಗೆಗಳು. ಈ ನೋಟವನ್ನು ಕಾಯುವ ಕಾನೂನು ಯಾವುದು ಎಂಬುದು ಈ ಲೇಖನದ ಪ್ರಶ್ನೆ. ನಮ್ಮ ಕಾನೂನು ಮರವನ್ನು ನಾಟಾ ಎಂದು ಅಳೆಯುತ್ತದೆ, ಬಿಡಿಬಿಡಿಯಾಗಿ ಎಣಿಸುತ್ತದೆ. ಸಾಲನ್ನು ಮಾತ್ರ ಕಾಣುವುದಿಲ್ಲ. ಹೀಗಾಗಿ ಅತ್ಯಂತ ಹಳೆಯ ಮರಗಳೇ ಅತ್ಯಂತ ಸುಲಭವಾಗಿ ಕೊಡಲಿಗೆ ಸಿಗುತ್ತಿವೆ ಎಂಬುದು ನನ್ನ ವಾದ.

2023ರ ಡಿಸೆಂಬರ್‌ನಲ್ಲಿ ಬೇಲೂರು ತಾಲ್ಲೂಕಿನ ನಂದಗೋಡನಹಳ್ಳಿಯಲ್ಲಿ 126 ಮರಗಳನ್ನು ಅಕ್ರಮವಾಗಿ ಕಡಿಯಲಾಗಿದೆ ಎಂಬ ಆರೋಪ ರಾಜ್ಯದಾದ್ಯಂತ ಸುದ್ದಿಯಾಯಿತು. ಅಂಥ ಪ್ರಕರಣಗಳಿಗೆ ಪೊಲೀಸರಿದ್ದಾರೆ, ನ್ಯಾಯಾಲಯವಿದೆ. ನನ್ನ ಚಿಂತೆ ಸಕ್ರಮ ಕಡಿತಲೆಯದು. ಅಲ್ಲಿ ಕಾಗದ ಪತ್ರ ಎಲ್ಲವೂ ಸರಿಯಾಗಿರುತ್ತವೆ. ಮರ ಮಾತ್ರ ಉಳಿದಿರುವುದಿಲ್ಲ.

ಸ್ಮಾರಕಗಳ ಕಾನೂನಿನಿಂದ ಆರಂಭಿಸಬಹುದು. ಬೇಲೂರಿನ ಚೆನ್ನಕೇಶವ (1117) ಮತ್ತು ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯಗಳು ಸೋಮನಾಥಪುರದ ಕೇಶವ ದೇವಾಲಯದೊಡನೆ 2023ರ ಸೆಪ್ಟೆಂಬರ್ 18ರಂದು ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ಪ್ರಾಚೀನ ಸ್ಮಾರಕಗಳ 1958ರ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿಯಂತೆ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ, ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶ. ಆದರೆ ಈ ನಿಷೇಧ ಇರುವುದು ಕಟ್ಟುವುದಕ್ಕೆ, ಕಡಿಯುವುದಕ್ಕೆ ಇಲ್ಲ. ಎರಡು ಊರುಗಳ ನಡುವಿನ ಸುಮಾರು 16 ಕಿ.ಮೀ. ದಾರಿಯಂತೂ ಪಾರಂಪರಿಕ ತಾಣದ ಭಾಗವೇ ಅಲ್ಲ. ದೇಶವಿದೇಶಗಳಿಂದ ಬರುವವರು ಒಂದು ಗುಡಿಯಿಂದ ಇನ್ನೊಂದಕ್ಕೆ ಹೋಗುವುದು ಈ ದಾರಿಯಲ್ಲೇ. 1220ರ ಈಶ್ವರ ದೇವಾಲಯವಿರುವ ಅರಸೀಕೆರೆ ಆ ಪಟ್ಟಿಯಲ್ಲಿಲ್ಲ. ಅದರ ದಾರಿಯ ಮಾತು ಇನ್ನೂ ದೂರ.

ಮೈಸೂರು ಸೀಮೆಯಲ್ಲಿ ಮರದ ಕಾನೂನು ಬೆಳೆದದ್ದು ಬೆಲೆಯ ಸುತ್ತ. 1792ರಲ್ಲಿ ಟಿಪ್ಪು ಶ್ರೀಗಂಧವನ್ನು ರಾಜವೃಕ್ಷವಾಗಿಸಿದ. ಮುಂದೆ ಬಂದ ಆಡಳಿತಗಳು ಗಂಧ, ತೇಗ, ಬೀಟೆಗಳಂಥ ಬೆಲೆಬಾಳುವ ಜಾತಿಗಳ ಮೇಲೆ ಹಿಡಿತ ಉಳಿಸಿಕೊಂಡವು. ಹುಣಸೆಗೆ, ಗೋಣಿಗೆ ಆ ಗೌರವ ದೊರೆಯಲಿಲ್ಲ. ರಸ್ತೆಬದಿಯ ಹುಣಸೆಯಿಂದ ಸರ್ಕಾರಕ್ಕೆ ಸಲ್ಲುತ್ತಿದ್ದುದು ವರ್ಷಕ್ಕೊಮ್ಮೆ ಹಣ್ಣಿನ ಹರಾಜಿನ ಹಣ.

ಇಂದು ನಿಜವಾಗಿ ಕೆಲಸ ಮಾಡುವ ಕಾನೂನು ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮ, 1976. ಇದರ 8ನೇ ಕಲಂನಂತೆ ಮರ ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಬೇಕು. ಅದೇ ಕಲಂ, ಅನುಮತಿ ನಿರಾಕರಿಸಲೇಬಾರದ ಸಂದರ್ಭಗಳನ್ನೂ ಹೇಳುತ್ತದೆ: ಮರ ಸತ್ತಿದ್ದರೆ, ರೋಗ ತಗುಲಿದ್ದರೆ, ಗಾಳಿಗೆ ಬಿದ್ದಿದ್ದರೆ, ಜೀವಕ್ಕೆ ಅಥವಾ ಆಸ್ತಿಗೆ ಅಪಾಯವಿದ್ದರೆ, ಸಂಚಾರಕ್ಕೆ ಅಡ್ಡಿಯಾಗಿದ್ದರೆ, ಕಡಿದಾದ ಇಳಿಜಾರಿನಲ್ಲಿಲ್ಲದೆ, ಅರಣ್ಯಶಾಸ್ತ್ರದ ಲೆಕ್ಕದಲ್ಲಿ ಬಲಿತಿದ್ದರೆ. ಈ ಪಟ್ಟಿಯನ್ನು ಜಾವಗಲ್ ರಸ್ತೆಯ ಒಂದು ಹಳೆಯ ಹುಣಸೆಗೆ ಅನ್ವಯಿಸಿ ನೋಡಿ. ಅದು ಬಲಿತಿದೆ, ಏಕೆಂದರೆ ಅದು ಹಳೆಯದು. ನೆಲ ಸಮತಟ್ಟು. ರಸ್ತೆ ಅಗಲವಾಗುತ್ತ ಬಂದು ಅದರ ಬುಡ ಮುಟ್ಟಿರುವುದರಿಂದ ಈಗ ಅದು ಸಂಚಾರಕ್ಕೆ ಅಡ್ಡಿ. ಮರ ಸರಿಯಲಿಲ್ಲ, ಡಾಂಬರು ಸರಿದು ಬಂತು. ಆದರೂ ಕಾನೂನಿನ ಕಣ್ಣಿಗೆ ಅಡ್ಡ ಬಂದದ್ದು ಮರ. ಯಾವ ಗುಣಗಳಿಂದ ಆ ಮರ ದಾರಿಗೆ ಘನತೆ ಕೊಟ್ಟಿದೆಯೋ, ಅಂದರೆ ವಯಸ್ಸು, ಗಾತ್ರ, ರಸ್ತೆಗೆ ಬಾಗಿದ ಕೊಂಬೆ, ಅವೇ ಅದನ್ನು ಕಡಿಯಲು ಕಾರಣಗಳಾಗುತ್ತವೆ. ಭೂದೃಶ್ಯಕ್ಕೆ ಸಂಬಂಧಿಸಿದಂತೆ ಈ ಪಟ್ಟಿಯಲ್ಲಿರುವುದು ಇಳಿಜಾರಿನ ಮಾತೊಂದೇ, ಅದೂ ಮಣ್ಣಿನ ಸವಕಳಿಯ ಭಯದಿಂದ ಬಂದದ್ದು. ಪ್ರಾಮಾಣಿಕ ವೃಕ್ಷಾಧಿಕಾರಿಯೊಬ್ಬರು ಮರ ಉಳಿಸಬೇಕೆಂದರೂ ಅವರ ಕೈಗೆ ಈ ಕಲಂ ಆಧಾರ ಕೊಡುವುದಿಲ್ಲ.

ಇನ್ನೊಂದು ತೊಡಕು ವಿನಾಯಿತಿಯ ಪಟ್ಟಿಯಲ್ಲಿದೆ. ತೆಂಗು, ಸಿಲ್ವರ್ ಓಕ್, ನೀಲಗಿರಿ, ಗಾಳಿಮರ, ಸುಬಾಬುಲ್ ಮೊದಲಾದವನ್ನು ಕಡಿಯಲು ಅನುಮತಿ ಬೇಡ. ರೈತ ತಾನೇ ನೆಟ್ಟು ಬೆಳೆಸಿದ ಮರಕ್ಕೆ ಕಚೇರಿಗೆ ಅಲೆಯುವಂತಾಗಬಾರದು ಎಂಬ ಆಶಯ ನ್ಯಾಯವಾದದ್ದು. ಆದರೆ ನಮ್ಮ ದಾರಿಯ ಅರಸೀಕೆರೆ ತುದಿಯ ಚೆಲುವು ತೆಂಗಿನದು, ಬೇಲೂರು ತುದಿಯದು ಸಿಲ್ವರ್ ಓಕಿನದು. ಎರಡೂ ಕಾನೂನಿನ ಹೊರಗೆ. ಬರಕ್ಕೆ ಮತ್ತು ನುಸಿಪೀಡೆಗೆ ಸಿಕ್ಕ ಅರಸೀಕೆರೆಯ ತೆಂಗು ಒಣಗಿದಾಗ ರೈತ ಅದನ್ನು ಉರುಳಿಸದೆ ಏನು ಮಾಡಿಯಾನು? ಇಲ್ಲಿ ನಿಷೇಧ ಹೇರಿದರೆ ಅನ್ಯಾಯವಾಗುತ್ತದೆ. ಮರು ನೆಡುವಿಕೆಗೆ ಕೈಹಿಡಿಯುವ ವ್ಯವಸ್ಥೆ ಬೇಕು.

ಸಾರ್ವಜನಿಕ ಕಾಮಗಾರಿಗಾಗಿ 50ಕ್ಕಿಂತ ಹೆಚ್ಚು ಮರ ಕಡಿಯುವುದಾದರೆ ಪ್ರಕಟಣೆ ಹೊರಡಿಸಿ ಜನರ ಆಕ್ಷೇಪಣೆ ಕೇಳಬೇಕೆಂದು ಇದೇ ಅಧಿನಿಯಮದ ತಿದ್ದುಪಡಿಯೊಂದು ಹೇಳುತ್ತದೆ. ಒಳ್ಳೆಯ ಮಾತು. ಆದರೆ ಸಂಖ್ಯೆಯೇ ಅಳತೆಗೋಲಾದಾಗ ಕಾಮಗಾರಿಯನ್ನು ತುಂಡು ಮಾಡಿ ಪ್ರತಿ ತುಂಡನ್ನೂ 50ರೊಳಗೆ ಇಡಲು ದಾರಿ ತೆರೆದಿರುತ್ತದೆ. ಮೇಲಾಗಿ, 40 ಮರಗಳ ಒಂದು ಅಖಂಡ ಸಾಲಿನ ನಡುವಿನಿಂದ ಎಂಟು ಹೋದರೂ ನೆರಳಿನ ಕಮಾನು ಮುರಿಯುತ್ತದೆ. ಎಂಟು ಎಂಬ ಸಂಖ್ಯೆ ಯಾರ ಗಮನಕ್ಕೂ ಬರುವುದಿಲ್ಲ.

ಮರಕ್ಕೆ ಬೆಲೆ ಕಟ್ಟುವ ಕ್ರಮವೂ ಇದೇ ದೋಷದ್ದು. ಜಂಟಿ ಸರ್ವೆಯಲ್ಲಿ ಮರಕ್ಕೆ ಬಣ್ಣದ ಸಂಖ್ಯೆ ಬೀಳುತ್ತದೆ, ದಿಮ್ಮಿ ಎಷ್ಟು, ಸೌದೆ ಎಷ್ಟು ಎಂದು ಲೆಕ್ಕವಾಗುತ್ತದೆ, ಹರಾಜು ನಡೆಯುತ್ತದೆ. ಪರಿಹಾರವಾಗಿ ಒಂದಕ್ಕೆ ಹತ್ತು ಸಸಿ ಎಂಬ ಷರತ್ತು ರೂಢಿಯಲ್ಲಿದೆ. ಅವು ಅದೇ ರಸ್ತೆಯಲ್ಲಿ ಬರದಿದ್ದರೆ ಆ ದಾರಿಗೆ ದಕ್ಕಿದ್ದೇನು? ಪಶ್ಚಿಮ ಬಂಗಾಳದ ಜೆಸ್ಸೋರ್ ರಸ್ತೆಯ 356 ಮರಗಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ನೇಮಿಸಿದ ತಜ್ಞರ ಸಮಿತಿ ಮರದ ಮೌಲ್ಯವನ್ನು ಅದರ ವಯಸ್ಸಿನ ಪ್ರತಿ ವರ್ಷಕ್ಕೆ 74,500 ರೂಪಾಯಿಯಂತೆ ಕಟ್ಟಬಹುದೆಂದು ಹೇಳಿತು. 2023ರಲ್ಲಿ ನ್ಯಾಯಾಲಯ ಕಡಿತಲೆಗೆ ಅನುಮತಿಸಿತಾದರೂ ಆ ಲೆಕ್ಕದ ಕ್ರಮ ನಮಗೆ ಮುಖ್ಯ: ವಯಸ್ಸು ಅಲ್ಲಿ ಮರದ ಪರವಾಗಿ ಸಾಕ್ಷಿ ನುಡಿಯುತ್ತದೆ.

ಅಪಘಾತದ ಪ್ರಶ್ನೆಯನ್ನು ತಳ್ಳಿಹಾಕಲಾಗದು. ರಾತ್ರಿ ಬುಡಕ್ಕೆ ಡಿಕ್ಕಿ ಹೊಡೆದು ಸತ್ತವರ ಮನೆಯವರಿಗೆ ಸೌಂದರ್ಯದ ಮಾತು ಹೇಳಲು ಯಾರಿಗೂ ಬಾಯಿ ಬಾರದು. ಆದರೆ ವೇಗ ತಗ್ಗಿಸುವುದು, ಬುಡಕ್ಕೆ ಪ್ರತಿಫಲಕ ಹಾಕುವುದು, ಹಳೆಯ ಸಾಲನ್ನು ನಡುವೆ ಬಿಟ್ಟು ಒಂದೇ ಬದಿಯಲ್ಲಿ ಹೊಸ ಪಥ ಹಾಕುವುದು, ಇವನ್ನೆಲ್ಲ ಪರಿಶೀಲಿಸಿ ಕೈಬಿಟ್ಟ ಕಾರಣ ಕಡಿತಲೆಯ ಆದೇಶದಲ್ಲಿ ಬರೆದಿರಬೇಕು. ಇನ್ನೊಂದು ಮಾತು. ರಸ್ತೆ ವಿಸ್ತರಣೆಗೆ ಆಧಾರವಾಗುವ ಸಂಚಾರ ಗಣತಿ ವಾಹನಗಳದ್ದು. ಶಿವರಾತ್ರಿಗೆ ಬೇಲೂರು, ಮೂಡಿಗೆರೆ, ಚಾರ್ಮಾಡಿ ಹಾದು ಧರ್ಮಸ್ಥಳಕ್ಕೆ ನಡೆದು ಹೋಗುವವರು ಆ ಲೆಕ್ಕದಲ್ಲಿ ಬರುವುದಿಲ್ಲ. ಬಿಸಿಲೇರಿದ ಹೊತ್ತಿನಲ್ಲಿ ಸಾಲುಮರದ ಅತಿ ದೊಡ್ಡ ಹಕ್ಕುದಾರರು ಅವರೇ.

ಸಾಲುಮರ ಉಳಿಸಲು ಬೇರೆಡೆ ದಾರಿ ಕಂಡುಕೊಂಡಿದ್ದಾರೆ. ಅಮೆರಿಕದ ನ್ಯೂ ಹ್ಯಾಂಪ್‌ಷೈರ್ ರಾಜ್ಯದಲ್ಲಿ ಊರಿನವರು ಒಂದು ರಸ್ತೆಯನ್ನು ರಮ್ಯ ರಸ್ತೆ ಎಂದು ಘೋಷಿಸಿದರೆ, ನೆಲದಿಂದ 4 ಅಡಿ ಎತ್ತರದಲ್ಲಿ 15 ಅಂಗುಲ ಅಥವಾ ಅದಕ್ಕಿಂತ ಹೆಚ್ಚು ಸುತ್ತಳತೆಯುಳ್ಳ ಮರವನ್ನು ರಸ್ತೆ ಕೆಲಸಕ್ಕಾಗಿ ಕಡಿಯುವ ಮುನ್ನ ಬಹಿರಂಗ ವಿಚಾರಣೆ ನಡೆಯಬೇಕು. ಜರ್ಮನಿಯ ಮೆಕ್ಲೆನ್‌ಬರ್ಗ್–ಫೋರ್‌ಪೊಮರ್ನ್ ರಾಜ್ಯದ ಸಂವಿಧಾನದ 12ನೇ ವಿಧಿ ಸಾಲುಮರದ ರಸ್ತೆಗಳ ರಕ್ಷಣೆಯನ್ನು ಸರ್ಕಾರದ ಹೊಣೆಯಾಗಿಸಿದೆ. ನಮ್ಮಲ್ಲೇ, 2019ರಲ್ಲಿ ಬಾಗೇಪಲ್ಲಿ–ಹಲಗೂರು ರಸ್ತೆ ವಿಸ್ತರಣೆಯಿಂದ ಸಾಲುಮರದ ತಿಮ್ಮಕ್ಕನವರ ಆಲದ ಸಾಲಿಗೆ ಕುತ್ತು ಬಂದಾಗ ಸರ್ಕಾರ ಪರ್ಯಾಯ ಹುಡುಕಲು ಒಪ್ಪಿತು. ಆದರೆ ಆ ಮರಗಳಿಗೆ ರಕ್ಷೆಯಾದದ್ದು ತಿಮ್ಮಕ್ಕನವರ ಹೆಸರು. ಹೆಸರಿಲ್ಲದವರು ನೆಟ್ಟ ಸಾಲುಗಳಿಗೆ ಕಾನೂನೇ ರಕ್ಷೆಯಾಗಬೇಕು.

ಹೊಸ ಕಾಯ್ದೆಗೆ ಕಾಯಬೇಕಿಲ್ಲ. 1964ರ ಕರ್ನಾಟಕ ಹೆದ್ದಾರಿ ಅಧಿನಿಯಮ ಹೆದ್ದಾರಿಯ ಆಚೀಚೆ ಕಟ್ಟಡ ರೇಖೆ, ನಿಯಂತ್ರಣ ರೇಖೆಗಳನ್ನು ಗುರುತಿಸುವ ಕ್ರಮವನ್ನು ಆಗಲೇ ತಂದಿದೆ. ಅದೇ ಮಾದರಿಯಲ್ಲಿ ಮರದ ರೇಖೆಯೊಂದನ್ನು ನಿಯಮದ ಮೂಲಕ ತರಬಹುದು. ಅದರೊಳಗಿನ ಸರ್ಕಾರಿ ಸಾಲುಗಳಿಗೆ ಊರುವಾರು ದಾಖಲೆ ಪುಸ್ತಕ ಇರಲಿ. ಒಂದು ಮರಕ್ಕೆ ಅನುಮತಿ ಕೇಳಿದರೂ ಇಡೀ ಸಾಲಿನ ಮೇಲಾಗುವ ಪರಿಣಾಮ ಬರೆಯುವುದು ಕಡ್ಡಾಯವಾಗಲಿ. ಸಂಖ್ಯೆ ಎಷ್ಟೇ ಇರಲಿ, ಆಯಾ ಗ್ರಾಮ ಪಂಚಾಯಿತಿಯಲ್ಲಿ ವಿಚಾರಣೆ ನಡೆಯಲಿ. ರೇಖೆಯೊಳಗಿನ ಖಾಸಗಿ ತೆಂಗು, ಸಿಲ್ವರ್ ಓಕ್‌ಗಳಿಗೆ ಅನುಮತಿಯ ಗೊಡವೆ ಬೇಡ. ಮುಂಚಿತ ಮಾಹಿತಿ ಕೊಟ್ಟು ಮರು ನೆಡುವ ರೈತನಿಗೆ ಸಸಿಯೂ ಸಹಾಯಧನವೂ ಸಿಗಲಿ. ಎಲ್ಲಕ್ಕೂ ಮೊದಲು 8ನೇ ಕಲಂನ ‘ಬಲಿತ ಮರ’, ‘ಸಂಚಾರಕ್ಕೆ ಅಡ್ಡಿ’ ಎಂಬೆರಡು ಕಾರಣಗಳು ರಸ್ತೆಬದಿಯ ಸಾಲುಗಳಿಗೆ ಅನ್ವಯಿಸದಂತೆ ಶಾಸನಸಭೆ ತಿದ್ದುಪಡಿ ತರಬೇಕು.

ಬೇಲೂರು–ಹಳೇಬೀಡು ನಡುವಿನ 16 ಕಿ.ಮೀ.ಯಲ್ಲಿ ಹಾಸನ ಜಿಲ್ಲಾಡಳಿತ, ಅರಣ್ಯ ಇಲಾಖೆ, ಲೋಕೋಪಯೋಗಿ ಇಲಾಖೆಗಳು ಕೂಡಿ ಆ ದಾಖಲೆ ಪುಸ್ತಕದ ಕೆಲಸವನ್ನು ಈ ವರ್ಷವೇ ಆರಂಭಿಸಬೇಕು. ಅದು ಮುಗಿಯುವವರೆಗೆ ಅಲ್ಲಿನ ಯಾವ ಹಳೆಯ ಮರಕ್ಕೂ ಸಂಖ್ಯೆಯ ಬಣ್ಣ ಬಳಿಯಬಾರದು.