21 ಗೇರ್, ಡಬಲ್ ಡಿಸ್ಕ್, ಬರೀ 9,999 ರೂಪಾಯಿ! ಕಡಿಮೆ ದುಡ್ಡಿಗೆ ಮೌಂಟೇನ್ ಬೈಕ್ ಕೊಳ್ಳುವ ಮುನ್ನ ಇದನ್ನು ಓದಿ

ಶಾಲೆ ಕಾಲೇಜು ಶುರುವಾಗುವ ಹೊತ್ತಿಗೆ ಇಂಥದ್ದೊಂದು ಫಾರ್ವರ್ಡ್ ನಿಮ್ಮ ಮನೆಯ ಗ್ರೂಪಿಗೂ ಬಂದಿರಬಹುದು. ದಪ್ಪ ಟಯರಿನ ಕಿತ್ತಳೆ ಬಣ್ಣದ ಸೈಕಲ್ಲಿನ ಚಿತ್ರ. ಅದರ ಕೆಳಗೆ: 21 ಗೇರ್, ಡಬಲ್ ಸಸ್ಪೆನ್ಷನ್, ಡಬಲ್ ಡಿಸ್ಕ್ ಬ್ರೇಕ್, ಎಂಥ ರಸ್ತೆಗೂ ಸೈ, ಬೆಲೆ 25,000 ಅಲ್ಲ, ಬರೀ 9,999. ಇವತ್ತೇ ಕೊನೆಯ ದಿನ, ಹತ್ತು ಜನರಿಗೆ ಕಳಿಸಿ.

ನಮಗೆ ಪರಿಚಯದ, ಶಿಗ್ಗಾಂವ ತಾಲ್ಲೂಕಿನ ಒಂದು ಮನೆಯವರು ಗೋವಿನಜೋಳ ಮಾರಿದ ದುಡ್ಡಿನಲ್ಲಿ ಇಂಥ ಸೈಕಲ್ ತರಿಸಿದರು. ಹುಡುಗ ಪಿಯುಸಿ ಓದುತ್ತಿದ್ದ, ಕಾಲೇಜಿಗೆ ದಿನಾ ಏಳೆಂಟು ಕಿಲೋಮೀಟರ್ ದಾರಿ. ಮೊದಲ ಮಳೆಗೇ ಗೇರ್ ಬದಲಾಗದೆ ಚೈನ್ ಕಳಚತೊಡಗಿತು. ಮೂರನೇ ತಿಂಗಳಿಗೆ ಹಿಂದಿನ ಸ್ಪ್ರಿಂಗ್ ಕೂತಿದ್ದ ಕೀಲು ಸಡಿಲವಾಗಿ ಸೈಕಲ್ ಹಾವಿನಂತೆ ಹೊರಳುತ್ತಿತ್ತು. ಒಂದು ದಿನ ಇಳಿಜಾರಿನಲ್ಲಿ ಮುಂದಿನ ಬ್ರೇಕಿನ ಕೇಬಲ್ ತನ್ನ ಬೋಲ್ಟಿನಿಂದ ಜಾರಿತು. ಹುಡುಗ ಹೊಲದ ಬದುವಿಗೆ ಬಿದ್ದು ಮುಂಗೈ ಮುರಿದುಕೊಂಡ. ಹಾಗಂತ ಅಗ್ಗದ ಸೈಕಲ್ಲೆಲ್ಲ ಕೆಟ್ಟವು ಎಂದು ನಾವು ಹೇಳುತ್ತಿಲ್ಲ. ಅದೇ ದುಡ್ಡಿಗೆ ಐದಾರು ವರ್ಷ ಓಡುವ ಸೈಕಲ್ ಸಿಗುತ್ತದೆ. ಆದರೆ ಅದು ಫೋಟೋದಲ್ಲಿ ಇಷ್ಟು ಚೆಂದ ಕಾಣುವುದಿಲ್ಲ.

ಲೆಕ್ಕ ಸರಳ. ಹತ್ತು ಸಾವಿರದ ಸೈಕಲ್ಲಿನಲ್ಲಿ ಕಂಪನಿಗೆ ಖರ್ಚು ಮಾಡಲು ಸಿಗುವುದು ಒಂದು ನಿಗದಿತ ಮೊತ್ತ. ಸ್ಪ್ರಿಂಗಿಗೆ, ಡಿಸ್ಕಿಗೆ, ಮೂರು ಹಲ್ಲುಚಕ್ರಕ್ಕೆ ಹೋದ ಪ್ರತಿ ರೂಪಾಯಿಯೂ ರಿಮ್, ಹಬ್, ಬೇರಿಂಗ್, ಬ್ರೇಕ್ ಕೇಬಲ್ಲಿನಿಂದ ಕಡಿತವಾಗಿ ಬಂದದ್ದು. ಮೊದಲನೆಯವು ಚಿತ್ರದಲ್ಲಿ ಕಾಣುತ್ತವೆ, ಎರಡನೆಯವು ಕಾಣುವುದಿಲ್ಲ.

ಮೊದಲ ಮೌಂಟೇನ್ ಬೈಕಿಗೆ ಸಸ್ಪೆನ್ಷನ್ನೇ ಇರಲಿಲ್ಲ

ಮೌಂಟೇನ್ ಬೈಕ್ ಹುಟ್ಟಿದ್ದು 1970ರ ದಶಕದಲ್ಲಿ, ಅಮೆರಿಕದ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ. ಅಲ್ಲಿನ ಕೆಲವು ಯುವಕರು ಹಳೆಯ ದಪ್ಪ ಟಯರಿನ ಸೈಕಲ್‌ಗಳನ್ನು ಗುಡ್ಡದ ಮೇಲೆ ಸಾಗಿಸಿ ಮಣ್ಣಿನ ದಾರಿಯಲ್ಲಿ ಕೆಳಗೆ ಬಿಡುತ್ತಿದ್ದರು. 1976ರಲ್ಲಿ ಅವರು ಶುರು ಮಾಡಿದ ಪಂದ್ಯದ ಹೆಸರು 'ರಿಪ್ಯಾಕ್'. ಗುಡ್ಡ ಇಳಿಯುವಷ್ಟರಲ್ಲಿ ಬ್ರೇಕ್ ಕಾದು ಹಬ್ಬಿನೊಳಗಿನ ಗ್ರೀಸ್ ಸುಟ್ಟು ಹೋಗುತ್ತಿತ್ತು, ಪ್ರತಿ ಸಲ ಹೊಸ ಗ್ರೀಸ್ ತುಂಬಬೇಕಿತ್ತು, ಹಾಗಾಗಿ ಆ ಹೆಸರು. 1981ರಲ್ಲಿ ಸ್ಪೆಷಲೈಸ್ಡ್ ಕಂಪನಿಯ 'ಸ್ಟಂಪ್‌ಜಂಪರ್' ಬಂತು, ದೊಡ್ಡ ಸಂಖ್ಯೆಯಲ್ಲಿ ತಯಾರಾದ ಮೊದಲ ಮೌಂಟೇನ್ ಬೈಕ್ ಅದು. ಅದಕ್ಕೂ ಮುಂದಿನ ಫೋರ್ಕ್ ಸ್ಪ್ರಿಂಗ್ ಇಲ್ಲದ, ಗಟ್ಟಿ ಕಬ್ಬಿಣದ ಕವಲು. ಸಸ್ಪೆನ್ಷನ್ ಫೋರ್ಕ್ ಪೇಟೆಗೆ ಬಂದದ್ದು 1989ರ ಸುಮಾರಿಗೆ.

ಅಂದರೆ ಮೌಂಟೇನ್ ಬೈಕ್ ಎನ್ನಿಸಿಕೊಳ್ಳಲು ಬೇಕಾದದ್ದು ಗಟ್ಟಿ ಫ್ರೇಮ್, ಅಗಲ ಟಯರ್, ಹಿಡಿಯುವ ಬ್ರೇಕ್, ಅಗಲ ಹ್ಯಾಂಡಲ್. ಸ್ಪ್ರಿಂಗ್ ಆಮೇಲೆ ಬಂದ ಸೌಕರ್ಯ.

ಶಿಗ್ಗಾಂವ ಬೆಟ್ಟದ ಊರಲ್ಲ. ಪಶ್ಚಿಮಕ್ಕೆ ಮುಂಡಗೋಡ, ಹಾನಗಲ್ ಕಡೆ ಹೊರಟರೆ ಕೆಂಪು ಮಣ್ಣು, ಸಣ್ಣ ಏರಿಳಿತ, ಕಾಡಿನ ಅಂಚು. ಪೂರ್ವಕ್ಕೆ ಸವಣೂರಿನ ಕಡೆ ಎರೆ ಹೊಲ. ನಡುವೆ ಹುಬ್ಬಳ್ಳಿ–ಹಾವೇರಿ ಹೆದ್ದಾರಿ. ಬಂಕಾಪುರದ ಕೋಟೆಗೋ, ಶಿಶುನಾಳಕ್ಕೋ, ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯಕ್ಕೋ ಸೈಕಲ್ಲಿನಲ್ಲಿ ಹೋಗುವವರಿಗೆ ಎದುರಾಗುವುದು ತಗ್ಗು ಬಿದ್ದ ಡಾಂಬರು, ಕಡಿ ಕಲ್ಲಿನ ರಸ್ತೆ, ಮಳೆಗಾಲದ ಕೆಸರು. ನಮ್ಮ ಸೈಕಲ್ ಈ ಮೂರಕ್ಕೆ ಸರಿಹೋದರೆ ಸಾಕು.

'ಗೇರ್ ಹೆಚ್ಚಿದ್ದಷ್ಟು ವೇಗ ಹೆಚ್ಚು': ನಿಜವೇ?

ಅಲ್ಲ. 21 ಗೇರ್ ಎಂದರೆ ಮುಂದೆ ಮೂರು ಹಲ್ಲುಚಕ್ರ, ಹಿಂದೆ ಏಳು, ಗುಣಿಸಿದರೆ 21, ಅಷ್ಟೇ. ಅಗ್ಗದ ಸೈಕಲ್‌ಗಳಲ್ಲಿ ಸಾಮಾನ್ಯವಾಗಿ ಮುಂದೆ 42, 34, 24 ಹಲ್ಲು, ಹಿಂದೆ 14ರಿಂದ 28 ಹಲ್ಲು ಇರುತ್ತವೆ. ಮುಂದಿನ 42ಕ್ಕೆ ಹಿಂದಿನ 28 ಜೋಡಿಸಿ: 42 ÷ 28 = 1.5. ಪೆಡಲ್ ಒಂದು ಸುತ್ತು ತಿರುಗಿದರೆ ಗಾಲಿ ಒಂದೂವರೆ ಸುತ್ತು. ಈಗ ಮುಂದಿನ 24ಕ್ಕೆ ಹಿಂದಿನ 16 ಜೋಡಿಸಿ: 24 ÷ 16 = 1.5. ಎರಡು ಬೇರೆ ಗೇರ್, ಕಾಲಿಗೆ ಬೀಳುವ ಭಾರ ಒಂದೇ. ಹೀಗೆ ಒಂದರ ಮೇಲೊಂದು ಬೀಳುವ ಜೋಡಿಗಳನ್ನೂ, ಚೈನ್ ಅಡ್ಡಡ್ಡ ಬಾಗುವುದರಿಂದ ಬಳಸಬಾರದ ಜೋಡಿಗಳನ್ನೂ ತೆಗೆದರೆ ನಿಜಕ್ಕೂ ಉಳಿಯುವುದು ಹತ್ತು ಹನ್ನೆರಡು.

ಏರಿನಲ್ಲಿ ಗೇರಿನಿಂದ ಉಪಯೋಗ ಖಂಡಿತ ಇದೆ. ಗೇರಿಲ್ಲದ ಸೈಕಲ್ಲಿನಲ್ಲಿ ಮುಂದೆ 44, ಹಿಂದೆ 18 ಹಲ್ಲು ಇದ್ದರೆ ಲೆಕ್ಕ 2.44. ಎದುರುಗಾಳಿಗೆ, ಏರಿಗೆ ಇದು ತ್ರಾಸು. ಹಿಂದೆ ಮಾತ್ರ ಏಳು ಗೇರ್ ಇರುವ ಸೈಕಲ್ ನಮ್ಮ ಆಯ್ಕೆ. ಮುಂದಿನ ಗೇರ್ ಬದಲಿಸುವ ಯಂತ್ರವೇ ಇರುವುದಿಲ್ಲ, ಕೆಡುವ ಭಾಗ ಒಂದು ಕಡಿಮೆ. ದಿನಾ ಸಮತಟ್ಟು ದಾರಿಯಲ್ಲಿ ಐದಾರು ಕಿಲೋಮೀಟರ್ ಹೋಗುವವರಿಗೆ ಗೇರೇ ಬೇಡ ಎಂದರೂ ತಪ್ಪಿಲ್ಲ. 2006–07ರಲ್ಲಿ ರಾಜ್ಯ ಸರ್ಕಾರ ಎಂಟನೇ ತರಗತಿ ಮಕ್ಕಳಿಗೆ ಉಚಿತ ಸೈಕಲ್ ಹಂಚಲು ಶುರು ಮಾಡಿದಾಗ ಕೊಟ್ಟದ್ದೂ ಗೇರಿಲ್ಲದವನ್ನೇ.

ಸಸ್ಪೆನ್ಷನ್ ಇದ್ದರೆ ನಡು ನೋಯುವುದಿಲ್ಲವೇ?

ಈ ಬೆಲೆಯಲ್ಲಿ ಅತಿ ಹೆಚ್ಚು ಮೋಸ ಹೋಗುವುದು ಇಲ್ಲಿಯೇ. ಒಳ್ಳೆಯ ಸಸ್ಪೆನ್ಷನ್ ಫೋರ್ಕಿನಲ್ಲಿ ಎರಡು ಕೆಲಸ ನಡೆಯುತ್ತವೆ. ಸ್ಪ್ರಿಂಗ್ ಅಥವಾ ಗಾಳಿ ಹೊಡೆತವನ್ನು ನುಂಗುತ್ತದೆ. ಆ ಸ್ಪ್ರಿಂಗ್ ಪುಟಿದು ವಾಪಸ್ ಬರುವಾಗ ಎಣ್ಣೆಯ ವ್ಯವಸ್ಥೆಯೊಂದು ಅದನ್ನು ನಿಧಾನಗೊಳಿಸುತ್ತದೆ. ಅಗ್ಗದ ಫೋರ್ಕಿನಲ್ಲಿ ಎರಡನೆಯದು ಇರುವುದಿಲ್ಲ. ತಗ್ಗಿಗೆ ಬಿದ್ದಾಗ ಒಳಗೆ ಹೋದದ್ದು ಅಷ್ಟೇ ಜೋರಾಗಿ ಹೊರಗೆ ಚಿಮ್ಮುತ್ತದೆ. ಜೊತೆಗೆ ಅದರ ತೂಕ ಎರಡೂವರೆ ಕಿಲೋ ಆಸುಪಾಸು. ಸ್ಪ್ರಿಂಗ್ ಇಲ್ಲದ ಫೋರ್ಕ್ ಅದರ ಅರ್ಧದಷ್ಟೂ ತೂಗುವುದಿಲ್ಲ.

ಹಿಂದೆಯೂ ಸ್ಪ್ರಿಂಗ್ ಇದ್ದರೆ ಇನ್ನೂ ಕಷ್ಟ. ನೀವು ಪೆಡಲ್ ಒತ್ತಿದಾಗಲೆಲ್ಲ ಸೀಟು ಮೇಲೆ ಕೆಳಗೆ ಕುಣಿಯುತ್ತದೆ, ಕಾಲಿನ ಬಲದ ಒಂದು ಪಾಲು ಅದಕ್ಕೇ ಹೋಗುತ್ತದೆ. ಫ್ರೇಮಿನ ನಡುವಿನ ಕೀಲು ದೂಳು, ಕೆಸರು ತಿಂದು ಸವೆಯುತ್ತದೆ, ಅದಕ್ಕೆ ಬದಲಿ ಬುಶ್ ಸಿಗುವುದು ದುಸ್ತರ. ಹದಿನೈದು ಸಾವಿರದೊಳಗಿನ ಡಬಲ್ ಸಸ್ಪೆನ್ಷನ್ ಸೈಕಲ್ಲನ್ನು ಯಾರೇ ಹೇಳಿದರೂ ಕೊಳ್ಳಬೇಡಿ. ಈ ಒಂದು ವಿಷಯದಲ್ಲಿ ನಮಗೆ ಅನುಮಾನವಿಲ್ಲ.

ನಡು ಉಳಿಸುವುದು ಟಯರ್. 2 ಇಂಚಿನ ಆಸುಪಾಸು ಅಗಲದ ಟಯರಿಗೆ ಗಾಳಿ ಕಲ್ಲಿನಂತೆ ಗಟ್ಟಿಯಾಗುವಷ್ಟು ತುಂಬಬೇಡಿ. 60 ಕಿಲೋ ತೂಕದವರಿಗೆ 35ರಿಂದ 40 ಪಿಎಸ್‌ಐ ಸಾಕು. ಟಯರಿನ ಬದಿಯಲ್ಲಿ ಅಚ್ಚಾಗಿರುವ ಕನಿಷ್ಠ, ಗರಿಷ್ಠ ಮಿತಿಯೊಳಗೆ ಇರಲಿ. ಆದರೆ ಟಯರ್ ಅಗಲವಾದಷ್ಟೂ ಒಳ್ಳೆಯದು ಎಂದುಕೊಂಡು 4 ಇಂಚಿನ 'ಫ್ಯಾಟ್ ಟಯರ್' ಸೈಕಲ್ ತರಬೇಡಿ. ಅದು ಹಿಮ, ಮರಳಿನಲ್ಲಿ ಹೂತುಹೋಗದಿರಲಿ ಎಂದು ಮಾಡಿದ್ದು. ಡಾಂಬರಿನಲ್ಲಿ ಅದನ್ನು ತುಳಿಯುವುದು ಎತ್ತಿಲ್ಲದೆ ಚಕ್ಕಡಿ ಎಳೆದಂತೆ.

ಡಿಸ್ಕ್ ಬ್ರೇಕ್ ಬೇಕೇ, ಬೇಡವೇ?

ಇಲ್ಲಿ ಉತ್ತರ ನಿಮ್ಮ ಊರಿನ ಮಣ್ಣಿನ ಮೇಲೆ ನಿಂತಿದೆ. ಎರೆಮಣ್ಣು ಹಸಿಯಾದಾಗ ಏನಾಗುತ್ತದೆ ಎಂದು ಈ ಭಾಗದವರಿಗೆ ಹೇಳಬೇಕಿಲ್ಲ, ಚಪ್ಪಲಿಗೆ ಒಂದೊಂದು ಕಿಲೋ ಅಂಟುತ್ತದೆ. ರಿಮ್ಮನ್ನು ಎರಡು ಬದಿಯಿಂದ ಹಿಡಿಯುವ ವಿ-ಬ್ರೇಕಿನಲ್ಲಿ ಆ ಮಣ್ಣು ಸಿಕ್ಕಿಕೊಂಡು ಗಾಲಿಯೇ ತಿರುಗದಂತಾಗುತ್ತದೆ. ಡಿಸ್ಕ್ ಗಾಲಿಯ ನಡುವೆ, ಎತ್ತರದಲ್ಲಿ ಇರುವುದರಿಂದ ಆ ತೊಂದರೆ ಕಡಿಮೆ. ಮಳೆಗಾಲದಲ್ಲಿ ಎರೆ ಹೊಲದ ದಾರಿಯೇ ನಿಮ್ಮ ದಾರಿಯಾಗಿದ್ದರೆ ಡಿಸ್ಕಿಗೆ ಅರ್ಥವಿದೆ. ಆಗಲೂ ಹೆಸರಿರುವ ಕಂಪನಿಯದ್ದೇ ಇರಲಿ, ಅದರ ಪ್ಯಾಡ್ ನಿಮ್ಮ ಊರಲ್ಲೋ ಹುಬ್ಬಳ್ಳಿಯಲ್ಲೋ ಸಿಗುತ್ತದೆಯೇ ಎಂದು ಕೊಳ್ಳುವ ಮೊದಲೇ ಕೇಳಿ. ಮಡ್‌ಗಾರ್ಡ್ ಮತ್ತು ಟಯರ್ ನಡುವೆ ಎರಡು ಬೆರಳು ಹಿಡಿಸುವಷ್ಟು ಜಾಗವೂ ಇರಲಿ. ಇಲ್ಲದಿದ್ದರೆ ಡಿಸ್ಕ್ ಇದ್ದೂ ಗಾಲಿ ಕಟ್ಟಿಕೊಳ್ಳುತ್ತದೆ.

ಡಾಂಬರು, ಕಡಿ ರಸ್ತೆಯವರಿಗೆ ವಿ-ಬ್ರೇಕ್ ಸಾಕು. ಅದರ ರಬ್ಬರ್ ಎಲ್ಲೆಡೆ ಸಿಗುತ್ತದೆ, ಬದಲಿಸುವುದನ್ನು ಹತ್ತು ನಿಮಿಷದಲ್ಲಿ ಕಲಿಯಬಹುದು. ಒಂದೇ ಷರತ್ತು: ರಿಮ್ ಅಲ್ಯೂಮಿನಿಯಂ ಇರಬೇಕು. ಹೊಳೆಯುವ ಕಬ್ಬಿಣದ ರಿಮ್ ಒದ್ದೆಯಾದಾಗ ಬ್ರೇಕ್ ಜಾರುತ್ತದೆ, ನಿಲ್ಲಲು ಬೇಕಾಗುವ ದೂರ ತುಂಬಾ ಹೆಚ್ಚುತ್ತದೆ. ಪರೀಕ್ಷೆಗೆ ಜೇಬಿನಲ್ಲಿ ಒಂದು ಚಿಕ್ಕ ಅಯಸ್ಕಾಂತ ಇಟ್ಟುಕೊಂಡು ಹೋಗಿ. ರಿಮ್ಮಿಗೆ ಅಂಟಿದರೆ ಕಬ್ಬಿಣ, ಅಂಟದಿದ್ದರೆ ಅಲ್ಯೂಮಿನಿಯಂ. (ಅಂಗಡಿಯವರು ವಿಚಿತ್ರವಾಗಿ ನೋಡುತ್ತಾರೆ, ನೋಡಲಿ.) ಫ್ರೇಮಿಗೆ ಅಂಟಿದರೆ ಚಿಂತೆ ಬೇಡ. ಕಬ್ಬಿಣದ ಫ್ರೇಮ್ ತುಸು ಭಾರ, ಆದರೆ ಬಿರುಕು ಬಿಟ್ಟರೆ ಊರಿನ ವೆಲ್ಡರ್ ಬೆಸೆಯಬಲ್ಲ. ಅಲ್ಯೂಮಿನಿಯಂ ಫ್ರೇಮ್ ಬಿರುಕು ಬಿಟ್ಟರೆ ಅದು ಸಾಮಾನ್ಯವಾಗಿ ಗುಜರಿಗೇ.

ಬೆಳೆಯುವ ಹುಡುಗ, ದೊಡ್ಡದೇ ಇರಲಿ?

ಅಂಗಿ ದೊಡ್ಡದು ತಂದರೆ ನಡೆಯುತ್ತದೆ, ಸೈಕಲ್ ನಡೆಯುವುದಿಲ್ಲ. ಕಾಲು ನೆಲಕ್ಕೆ ಎಟುಕದಿದ್ದರೆ ತುರ್ತಿನಲ್ಲಿ ನಿಲ್ಲಿಸಲಾಗದು. ಜಾಹೀರಾತಿನ '27.5' ಗಾಲಿಯ ಅಳತೆ, ನಿಮಗೆ ಬೇಕಾದದ್ದು ಫ್ರೇಮಿನ ಅಳತೆ. ಸೈಕಲ್ಲಿನ ಮೇಲಿನ ಕೊಳವೆಯ ಎರಡು ಬದಿಗೆ ಕಾಲಿಟ್ಟು, ಎರಡೂ ಪಾದ ಪೂರ್ತಿ ನೆಲಕ್ಕೆ ಊರಿ ನಿಂತಾಗ ಕೊಳವೆಗೂ ತೊಡೆಸಂದಿಗೂ ಕನಿಷ್ಠ ಎರಡು ಇಂಚು ಅಂತರ ಇರಬೇಕು. ಇದನ್ನು ಫೋಟೋ ನೋಡಿ ತಿಳಿಯಲಾಗದು.

ಗಾಲಿಯ ಅಳತೆಯಲ್ಲೂ ಒಂದು ಸಿಕ್ಕಿದೆ. 26 × 1.95 ಮತ್ತು 26 × 1⅜ ಎರಡನ್ನೂ '26' ಎನ್ನುತ್ತಾರೆ, ಆದರೆ ಒಂದರ ಟಯರ್ ಇನ್ನೊಂದಕ್ಕೆ ಕೂರುವುದಿಲ್ಲ. ಟಯರಿನ ಬದಿಯಲ್ಲಿರುವ ಮೂರಂಕಿಯ ಸಂಖ್ಯೆ ನೋಡಿ: ಮೊದಲನೆಯದರಲ್ಲಿ 559, ಎರಡನೆಯದರಲ್ಲಿ 590. 27.5 ಗಾಲಿಗೆ 584, 29ಕ್ಕೆ 622. ಆ ಸಂಖ್ಯೆಯ ಫೋಟೋ ಮೊಬೈಲಿನಲ್ಲಿರಲಿ. ಹಳ್ಳಿಯ ಪಂಕ್ಚರ್ ಅಂಗಡಿಗಳನ್ನೇ ನೆಚ್ಚಿರುವವರಿಗೆ 559ರ 26 ಗಾಲಿ ಅನುಕೂಲ.

ಹಾಗಾದರೆ ಏನು ಕೊಳ್ಳಬೇಕು?

ಎಂಟು ಸಾವಿರದೊಳಗೆ: ಸ್ಪ್ರಿಂಗ್ ಇಲ್ಲದ, ಗೇರ್ ಇಲ್ಲದ, ಅಗಲ ಟಯರಿನ ಸೈಕಲ್. ಎಂಟರಿಂದ ಹದಿನೈದು ಸಾವಿರಕ್ಕೆ: ಸ್ಪ್ರಿಂಗ್ ಇಲ್ಲದ ಫೋರ್ಕ್, ಹಿಂದೆ ಏಳು ಗೇರ್, ಅಲ್ಯೂಮಿನಿಯಂ ರಿಮ್. ಸ್ಪ್ರಿಂಗಿನ ಆಸೆ ಇಪ್ಪತ್ತು ಸಾವಿರ ದಾಟಿದ ಮೇಲೆ. ಇದು ನಮ್ಮ ಅಂದಾಜು, ಅಂಗಡಿಯಿಂದ ಅಂಗಡಿಗೆ ಹೆಚ್ಚುಕಡಿಮೆ ಆಗಬಹುದು. ಒಂದೆರಡು ಸಾವಿರ ಹೆಲ್ಮೆಟ್, ದೀಪ, ಬೀಗ, ಪಂಪಿಗೆ ಪಕ್ಕಕ್ಕಿಡಿ. 2025ರ ಸೆಪ್ಟೆಂಬರ್ 22ರಿಂದ ಸೈಕಲ್ಲಿನ ಮೇಲಿನ ಜಿಎಸ್‌ಟಿ 12ರಿಂದ 5 ಪ್ರತಿಶತಕ್ಕೆ ಇಳಿದಿದೆ, ಹಳೆಯ ಬೆಲೆ ಹೇಳಿದರೆ ಬಿಲ್ ತೋರಿಸಿ ಎನ್ನಿ.

ಸೆಕೆಂಡ್ ಹ್ಯಾಂಡ್ ಕೀಳಲ್ಲ. ಹುಬ್ಬಳ್ಳಿ, ಧಾರವಾಡದಲ್ಲಿ ಓದು ಮುಗಿಸಿ ಊರಿಗೆ ಹೊರಟ ವಿದ್ಯಾರ್ಥಿಗಳ ಸೈಕಲ್ ಅರ್ಧ ಬೆಲೆಗೆ ಸಿಗುವುದುಂಟು. ಫ್ರೇಮಿನ ಬೆಸುಗೆಗಳಲ್ಲಿ ಬಿರುಕಿದೆಯೇ ನೋಡಿ, ಗಾಲಿ ತಿರುಗಿಸಿ ಅಡ್ಡ ಹೊಯ್ದಾಡುತ್ತದೆಯೇ ನೋಡಿ. ಪೆಡಲ್ ಅಚ್ಚಿನ ಕೆಳಗೆ ಕೊರೆದ ನಂಬರ್ ಉಜ್ಜಿ ಹಾಕಿದ್ದರೆ ಕದ್ದ ಮಾಲಿರಬಹುದು, ಬಿಟ್ಟು ಬನ್ನಿ.

ಆನ್‌ಲೈನಿನಲ್ಲಿ ತರಿಸಿದರೆ ಸೈಕಲ್ ಬಿಚ್ಚಿದ ಸ್ಥಿತಿಯಲ್ಲೇ ಬರುತ್ತದೆ. ವಿಡಿಯೊ ನೋಡಿ ಜೋಡಿಸುವಾಗ ಎರಡು ತಪ್ಪು ಸಾಮಾನ್ಯ: ಫೋರ್ಕ್ ಹಿಂದುಮುಂದಾಗಿ ಕೂರುವುದು, ಎಡ ಪೆಡಲ್ಲನ್ನು ತಪ್ಪು ದಿಕ್ಕಿಗೆ ತಿರುಗಿಸಿ ಮರೆ ಕೆಡಿಸುವುದು. ಎಡ ಪೆಡಲ್ ಬಿಗಿಯಾಗುವುದು ಗಡಿಯಾರದ ಮುಳ್ಳಿನ ವಿರುದ್ಧ ದಿಕ್ಕಿನಲ್ಲಿ. ಮೆಕ್ಯಾನಿಕ್‌ಗೆ ಮುನ್ನೂರು ನಾನೂರು ಕೊಟ್ಟು ಜೋಡಿಸಿಸಿ. ಹತ್ತುವ ಮೊದಲು ಬ್ರೇಕ್ ಗಟ್ಟಿಯಾಗಿ ಹಿಡಿದು ಸೈಕಲ್ಲನ್ನು ಮುಂದಕ್ಕೆ ತಳ್ಳಿ. ಗಾಲಿ ಉರುಳಬಾರದು, ಬ್ರೇಕ್ ಹಿಡಿಕೆ ಹ್ಯಾಂಡಲ್ ಮುಟ್ಟಬಾರದು, ಕೇಬಲ್ ಜಾರಬಾರದು. ಹೊಸ ಕೇಬಲ್ ಮೊದಲ ಕೆಲವು ವಾರ ಹಿಗ್ಗುತ್ತದೆ, ತಿಂಗಳೊಳಗೆ ಮತ್ತೊಮ್ಮೆ ಬಿಗಿ ಮಾಡಿಸಿ.

ಇನ್ನು 999 ರೂಪಾಯಿಗೆ ಗೇರ್ ಸೈಕಲ್, ಲಿಂಕ್ ಒತ್ತಿ ಎನ್ನುವ ಸಂದೇಶ ಬಂದರೆ ಅದು ಸೈಕಲ್ಲಿನ ವಿಷಯವೇ ಅಲ್ಲ, ನಿಮ್ಮ ಖಾತೆಯ ವಿಷಯ. ದುಡ್ಡು ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಮುಂಗೈ ಮುರಿದುಕೊಂಡ ಹುಡುಗ ಈಗ ಹುಬ್ಬಳ್ಳಿಯಿಂದ ತಂದ ಹಳೆಯ, ಸ್ಪ್ರಿಂಗ್ ಇಲ್ಲದ ಏಳು ಗೇರಿನ ಸೈಕಲ್ಲಿನಲ್ಲಿ ಕಾಲೇಜಿಗೆ ಹೋಗುತ್ತಾನೆ. ಕೊಟ್ಟದ್ದು 5,500. ಬೇರಿಂಗ್, ಚೈನ್ ಬದಲಿಸಲು ಮತ್ತೆ 900 ಹಿಡಿಯಿತು. ಕಿತ್ತಳೆ ಸೈಕಲ್ ಹಿತ್ತಲಿನಲ್ಲಿದೆ. ಅದರ ಸೀಟು, ಸ್ಟ್ಯಾಂಡು, ಗಂಟೆ ಈ ಸೈಕಲ್ಲಿಗೆ ಬಂದಿವೆ.