ಮಗ್ಗದ ಬಟವಾಡೆಗೆ ಅಂಕವಿಲ್ಲ, ಹೊಲದ ಕೆಲಸಕ್ಕಿದೆ

ದೊಡ್ಡಬಳ್ಳಾಪುರದ ನೇಕಾರರ ಬೀದಿಗಳಲ್ಲಿ ಪಿಯುಸಿ ಓದುತ್ತಲೇ ಮಗ್ಗ ನೋಡಿಕೊಳ್ಳುವ ಮಕ್ಕಳು ಅಪರೂಪವೇನಲ್ಲ. ಕಂಡಿಕೆ ಸುತ್ತುತ್ತಾರೆ, ಕಡಿದ ಎಳೆ ಕಟ್ಟುತ್ತಾರೆ, ವಾರಕ್ಕೊಮ್ಮೆ ಬಟವಾಡೆ ಪಡೆಯುತ್ತಾರೆ. ಈ ದುಡಿಮೆಗೆ ಕಾಲೇಜು ಪ್ರವೇಶದಲ್ಲಿ ಬೆಲೆ ಇದೆಯೇ? ಅಮೆರಿಕದ ಅನೇಕ ಕಾಲೇಜುಗಳ ಅರ್ಜಿಯಲ್ಲಿ ಸಂಬಳದ ಕೆಲಸ ಬರೆಯಲು ಜಾಗವಿದೆ. ನಮ್ಮ ಸಿಇಟಿ ಅರ್ಜಿಯಲ್ಲಿಲ್ಲ.

ಇಲ್ಲದಿರುವುದಕ್ಕೆ ಕಾರಣವಿದೆ. ಒಂದು ಕಾಲಕ್ಕೆ ಕರ್ನಾಟಕ ಕ್ಯಾಪಿಟೇಷನ್ ಕಾಲೇಜುಗಳಿಗೆ ದೇಶದಲ್ಲೇ ಹೆಸರಾಗಿತ್ತು. ತಡೆಯಲು 1984ರಲ್ಲಿ ಕಾಯ್ದೆ ಬಂತು. 1992ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ನೀಡಿದ ಮೋಹಿನಿ ಜೈನ್ ಪ್ರಕರಣ ಹುಟ್ಟಿದ್ದು ಪಕ್ಕದ ತುಮಕೂರಿನ ವೈದ್ಯಕೀಯ ಕಾಲೇಜಿನ ಶುಲ್ಕದಿಂದ. 1993ರ ಉನ್ನಿಕೃಷ್ಣನ್ ತೀರ್ಪಿನ ನಂತರ, 1994ರಲ್ಲಿ, ಸಿಇಟಿ ಶುರುವಾಯಿತು. ದುಡ್ಡು, ಶಿಫಾರಸು ಒಳನುಸುಳದಿರಲಿ ಎಂದೇ ಅಂಕ ಬಿಟ್ಟು ಬೇರೆಲ್ಲದಕ್ಕೂ ಬಾಗಿಲು ಹಾಕಿದರು. ನಮ್ಮ ಊರುಗಳ ಎಷ್ಟೋ ಮಕ್ಕಳು ಇಂಜಿನಿಯರ್, ಡಾಕ್ಟರ್ ಆದದ್ದು ಆ ಬಾಗಿಲಿನಿಂದಲೇ. ಅದನ್ನು ಹಗುರವಾಗಿ ಕಾಣಲಾರೆವು. ಆದರೆ ಟ್ಯೂಷನ್‌ನಲ್ಲಿ ಕಳೆದ ಗಂಟೆ ಅಂಕವಾಗಿ ಬರುತ್ತದೆ, ಮಗ್ಗದ ಮುಂದೆ ಕಳೆದ ಗಂಟೆ ಅಂಕವನ್ನು ತಿನ್ನುತ್ತದೆ.

ಒಂದು ಕಡೆ ಮಾತ್ರ ಕೈಕೆಲಸಕ್ಕೆ ಲೆಕ್ಕವಿದೆ. ದೇವನಹಳ್ಳಿ ರಸ್ತೆಯಲ್ಲೇ ಇರುವ ಜಿಕೆವಿಕೆ ನಮಗೆಲ್ಲ ಗೊತ್ತು. 1899ರಲ್ಲಿ ಹೆಬ್ಬಾಳದಲ್ಲಿ ಪ್ರಯೋಗ ಕ್ಷೇತ್ರವಾಗಿ ಆರಂಭವಾದದ್ದು 1946ರಲ್ಲಿ ಕೃಷಿ ಕಾಲೇಜಾಗಿ, 1964ರಲ್ಲಿ ವಿಶ್ವವಿದ್ಯಾಲಯವಾಯಿತು. ರಾಜ್ಯದ ಕೃಷಿ ವಿಶ್ವವಿದ್ಯಾಲಯಗಳಲ್ಲಿ ರೈತರ ಮಕ್ಕಳಿಗೆ ಕೋಟಾ ಇದೆ. 2021ರಲ್ಲಿ ಸರ್ಕಾರ ಅದನ್ನು ಶೇ 40ರಿಂದ 50ಕ್ಕೆ ಏರಿಸಿತು. ಈ ಕೋಟಾದವರಿಗೆ ಪ್ರಾಯೋಗಿಕ ಪರೀಕ್ಷೆಯೂ ಉಂಟು. ಬೀಜ, ಬೆಳೆ, ಉಪಕರಣ ಗುರುತಿಸಬೇಕು. ರಾಗಿ ಹೊಲದಲ್ಲಿ ಕಳೆ ತೆಗೆದವಳಿಗೆ ಇಲ್ಲಿ ಕೋಚಿಂಗ್ ಬೇಡ.

ಆದರೆ ಆ ಪರೀಕ್ಷೆಗೆ ಕೂರಲು ವ್ಯವಸಾಯ ಕುಟುಂಬದವರೆಂಬ ಪತ್ರ ಬೇಕು. ವಿಮಾನ ನಿಲ್ದಾಣ 2008ರಲ್ಲಿ ಆರಂಭವಾಯಿತು. ಅಲ್ಲಿಂದೀಚೆಗೆ ದೇವನಹಳ್ಳಿ ಸುತ್ತ ಜಮೀನಿನ ಕಥೆ ಎಲ್ಲರಿಗೂ ತಿಳಿದದ್ದೇ. ಚನ್ನರಾಯಪಟ್ಟಣ ಹೋಬಳಿಯ 1,777 ಎಕರೆ ಉಳಿಸಿಕೊಳ್ಳಲು ರೈತರು ವರ್ಷಗಟ್ಟಲೆ ಧರಣಿ ಕೂತರು. 2025ರ ಜುಲೈನಲ್ಲಿ ಸರ್ಕಾರ ಭೂಸ್ವಾಧೀನ ಕೈಬಿಟ್ಟಿತು. ಪರಿಹಾರದ ಲೆಕ್ಕ ಹಾಕುವಾಗ ಮಕ್ಕಳ ಈ ಕೋಟಾದ ಮಾತು ಯಾರೂ ಎತ್ತಿದ್ದು ನಾವು ಕೇಳಿಲ್ಲ.

ಹಾಗಾದರೆ ಮಗ್ಗದ ಕೂಲಿಗೂ ಅಂಕ ಕೊಡಬೇಕೇ? ಮಾಲೀಕರ ಪತ್ರ ಕೇಳಿದರೆ ಕೆಡುತ್ತದೆ ಎಂಬುದು ನಮ್ಮ ಅನಿಸಿಕೆ. ಹದಿನೆಂಟು ತುಂಬದವರನ್ನು ದುಡಿಸಿಕೊಂಡೆ ಎಂದು ಯಾವ ಮಾಲೀಕ ಬರೆದುಕೊಟ್ಟಾನು? ಮನೆಯ ಮಗ್ಗದಲ್ಲಿ ದುಡಿದವಳಿಗೆ ಕೂಲಿಯೂ ಇಲ್ಲ, ಪತ್ರವೂ ಇಲ್ಲ. ಪತ್ರ ಸುಲಭವಾಗಿ ಸಿಗುವುದು ಪರಿಚಯ ಇರುವವರಿಗೆ, ಅಲ್ಲಿಗೆ ಕ್ಯಾಪಿಟೇಷನ್ ಕಾಲದ ಶಿಫಾರಸೇ ವಾಪಸಾಗುತ್ತದೆ. ಕೃಷಿಯವರು ಮಾಡಿದಂತೆ ಕೈಯನ್ನೇ ಪರೀಕ್ಷೆ ಮಾಡಬಹುದು. ಜವಳಿ ತಂತ್ರಜ್ಞಾನದ ಡಿಪ್ಲೊಮಾಕ್ಕೆ ಸೀಟು ಈಗಲೂ ಸಿಗುವುದು ಎಸ್ಸೆಸ್ಸೆಲ್ಸಿ ಅಂಕದ ಮೇಲೆ. ಹಾಸು ಯಾವುದು, ಹೊಕ್ಕು ಯಾವುದು ಎಂದು ಅಲ್ಲಿ ಯಾರೂ ಕೇಳುವುದಿಲ್ಲ.